ಗುಡಿಯ ಕಲ್ಲು, ಮನೆಯ ಕಟ್ಟಿಗೆ

ಕಾಕಾ, ಅವತ್ತು ಬನಹಟ್ಟಿಯ ಪಡಸಾಲೆಯಲ್ಲಿ ನೀವು ಹೇಳಿದ್ದು ನಿಜ. ನಿಜವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಲ್ಲರೆದುರು ನಿಮ್ಮ ಮಾತನ್ನು ಸುಳ್ಳು ಮಾಡಿದೆ.

ಅಪ್ಪನಿಗೂ ಸಣ್ಣ ಕಾಕಾನಿಗೂ ಮಣ್ಣಿನ ಮಾಳಿಗೆಯ ಮನೆ ಕೆಡವಿ ಪಾವರ್‌ಲೂಮ್ ಶೆಡ್ ಹಾಕಬೇಕಿತ್ತು. ನಿಮಗೆ ನೀವು ಕೈಯಿಂದ ನೇಯುತ್ತಿದ್ದ ಕುಣಿಮಗ್ಗವಿದ್ದ ಹಿಂದಿನ ಅಂಕಣ, ಕಂಬಗಳ ನಡುವಿನ ಆ ಒಂದು ಭಾಗವಷ್ಟೇ ಉಳಿಯಬೇಕಿತ್ತು. ಅಲ್ಲಿ ಮಾಳಿಗೆಯ ಹಲಗೆಗಳ ಪ್ರತಿ ಸಂದಿಯ ಮೇಲೂ ಅಜ್ಜ ಉದ್ದಕ್ಕೆ ಕಟ್ಟಿಗೆಯ ಪಟ್ಟಿ ಬಡಿಸಿದ್ದರು — ಮಗ್ಗಕ್ಕೆ ಹಾಸಿದ ನೂಲಿನ ಮೇಲೆ ಮಾಳಿಗೆಯ ಮಣ್ಣು ಉದುರಬಾರದೆಂದು.

"ಮಲಪ್ರಭಾ ದಂಡಿ ಮ್ಯಾಲಿನ ಹಳೇ ಗುಡಿ ಮಾಳಗಿ ನೋಡ್ರಿ, ಕಲ್ಲಿನ ಸಂದಿಗೂ ಹಿಂಗ ಪಟ್ಟಿ ಐತಿ," ಅಂದಿರಿ ನೀವು.

ಸಣ್ಣ ಕಾಕಾ ನಕ್ಕರು. "ಏನಣ್ಣಾ, ರಾಜರು ನಮ್ಮ ಮನಿ ನೋಡಿ ಗುಡಿ ಕಟ್ಟಿಸಿದ್ರೇನು?"

"ನಮ್ಮ ಮನಿ ಅಲ್ಲೋ, ಇಂಥಾ ಮನಿ. ಕಲ್ಲಿಗೆ ಕಟ್ಟಿಗಿ ಆಕಾರ ಯಾಕ ಬೇಕಿತ್ತು? ಬಡಿಗ್ಯಾರ ಕೆಲಸ ನೋಡೇ ಕಲ್ಲುಕುಟಿಗ್ಯಾರು ಕಲ್ತಿರಬೇಕು. ಇಂಥಾದ್ದನ್ನ ಕೆಡವಬಾರದು." ಆಮೇಲೆ ನನ್ನ ಕಡೆ ತಿರುಗಿದಿರಿ. "ಗುಡಿ-ಮನಿ ಕಟ್ಟೂ ವಿದ್ಯಾನ ಕಾಲೇಜಿನ್ಯಾಗ ಓದಾಕತ್ತೀದಿ, ನೀ ಹೇಳೋ ತಮ್ಮಾ."

ನಾನು ಹೇಳಿದೆ: "ಸಂದಿ ಇದ್ದಲ್ಲಿ ಯಾರಾದ್ರೂ ಪಟ್ಟಿ ಹಾಕ್ತಾರ ಕಾಕಾ. ಗುಡಿ ಬ್ಯಾರೆ, ಮನಿ ಬ್ಯಾರೆ. ಇದಕ್ಕ ಪುರಾವೆ ಅನ್ನೂದಿಲ್ಲ."

ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಆ ಗುಡಿಯ ಕಲ್ಲಿನ ಪಟ್ಟಿಯನ್ನೂ ನಮ್ಮ ಮನೆಯ ಪಟ್ಟಿಯನ್ನೂ ಒಂದೇ ಹಾಳೆಯ ಮೇಲೆ ಬರೆದು ಕಾಲೇಜಿನಲ್ಲಿ ತೋರಿಸಿದ್ದೆ. ಕಟ್ಟಿಗೆಯ ಮನೆಯೇ ಕಲ್ಲಿನ ಗುಡಿಗೆ ದಾರಿ ತೋರಿಸಿದ್ದೆಂದು ವಾದಿಸಿ ಮೆಚ್ಚುಗೆಯನ್ನೂ ಪಡೆದಿದ್ದೆ. ಹಾಗಾದರೆ ಪಡಸಾಲೆಯಲ್ಲಿ ಯಾಕೆ ಹಾಗೆ ಹೇಳಿದೆ? ಶೆಡ್ ನನಗೆ ಬೇಕಿರಲಿಲ್ಲ, ಮನೆಯ ಮೇಲೆ ಸಿಟ್ಟೂ ಇರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ: ಎದುರಿನವರಿಗೆ ಬೇಕಾದ ಸಾಕ್ಷಿ ನಮ್ಮ ಚೀಲದಲ್ಲಿದ್ದರೆ ಚೀಲದ ಬಾಯಿ ಬಿಗಿಯುವುದು. ನಗು ಆ ಕಡೆ ಇತ್ತು. ನಾನೂ ಆ ಕಡೆ ನಿಂತೆ.

ನಾಲ್ಕು ದಿನದಲ್ಲಿ ಅಂಕಣ ನೆಲಸಮವಾಯಿತು. ನಾನು ಏನೇ ಹೇಳಿದ್ದರೂ ಅದು ಹೋಗುತ್ತಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಇರಬಹುದು. ಆದರೆ ಇದೂ ಗೆಲ್ಲಲೆಂದೇ ಹೂಡಿದ ವಾದ.

ಹೋದ ತಿಂಗಳು ಚಿಮ್ಮಡ ಊರಿನಲ್ಲಿ ನಡೆದ ಮದುವೆಯಲ್ಲಿ ನನ್ನ ಗೆಳೆಯನೊಬ್ಬ ಹಳೆಯ ಮನೆಗಳ ಬಗ್ಗೆ ನಿಮ್ಮನ್ನು ಕೇಳಿದ. ನೀವು ಕೈ ಆಡಿಸಿದಿರಿ. "ನಂಗ ಅದೆಲ್ಲ ತಿಳಿಯೂದಿಲ್ರೀ. ಹಿಂದಕ್ಕೊಮ್ಮೆ ಏನೋ ನೋಡಿ ಏನೋ ತಿಳಕೊಂಡಿದ್ದೆ. ಇಂವ ಓದಿದಾಂವ, ಇವನ್ನ ಕೇಳ್ರಿ." ಹೇಳುವಾಗ ನಿಮ್ಮ ದನಿಯಲ್ಲಿ ಕಹಿ ಇರಲಿಲ್ಲ — ನನ್ನ ಬಗ್ಗೆ ಅಭಿಮಾನವಿತ್ತು.

ಅಂಕಣವನ್ನು ಕೆಡವಿದ್ದು ಕೂಲಿಯವರು. ನಿಮ್ಮ ಕಣ್ಣಿನ ಮೇಲೆ ನಿಮಗಿದ್ದ ನಂಬಿಕೆಯನ್ನು ಕೆಡವಿದ್ದು ನಾನು.

ಈ ಭಾನುವಾರ ಬರುತ್ತೇನೆ. ಅಪ್ಪನಿಗೂ ಸಣ್ಣ ಕಾಕಾನಿಗೂ ಇರಲು ಹೇಳಿದ್ದೇನೆ. ಅವತ್ತು ನಕ್ಕವರೆದುರೇ ಹೇಳಬೇಕು — ನೀವು ಸರಿಯಾಗಿ ನೋಡಿದ್ದಿರಿ, ನಾನು ಮುಚ್ಚಿಟ್ಟೆ ಎಂದು. ಕೇಳಿದ ಮೇಲೆ ನೀವು ಎದ್ದು ಹೋದರೆ ನಾನು ತಡೆಯುವುದಿಲ್ಲ.