ವಾಸಿಯಾಗದವರ ಸಾಕ್ಷಿ

ಹೋದ ಭಾನುವಾರ ಚರ್ಚಿನ ಸಭೆಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಎದ್ದು ನಿಂತು, ತನ್ನ ಮಂಡಿನೋವು ಸಂಪೂರ್ಣ ವಾಸಿಯಾಯಿತೆಂದು ಸಾಕ್ಷಿ ಹೇಳಿದಳು. ಎಲ್ಲರೂ ‘ಸ್ತೋತ್ರ’ ಎಂದರು. ಆಕೆ ‘ಅಯ್ಯೋ ಅಮ್ಮಾ’ ಎನ್ನುತ್ತಾ ಬೆಂಚು ಹಿಡಿದು ಕೂತಾಗ ನೋವಿನೆಣ್ಣೆಯ ವಾಸನೆ ಗಮ್ಮೆಂದು ಬಂತು. ನಾನು ನಗಲಿಲ್ಲ. ನಗುವ ಹಕ್ಕು ನನಗಿಲ್ಲ. ಏಕೆಂದು ಹೇಳುತ್ತೇನೆ, ಕೇಳಿ.

ನಮ್ಮಲ್ಲಿ ಹಾಡು ಮುಗಿದ ಮೇಲೆ, ಪಾಸ್ಟರು ಬೋಧಿಸುವ ಪ್ರಸಂಗಕ್ಕೆ ಮುಂಚೆ, ದೇವರಿಂದ ಉಪಕಾರ ಪಡೆದವರು ಎದ್ದು ಸಾಕ್ಷಿ ಹೇಳುವ ಪದ್ಧತಿ. ಅದಕ್ಕೊಂದು ಧಾಟಿಯಿದೆ. ಮೊದಲು ಕಾಯಿಲೆ, ಆಮೇಲೆ ಕೈಬಿಟ್ಟ ಡಾಕ್ಟರು, ಆಮೇಲೆ ಪ್ರಾರ್ಥನೆ, ಕೊನೆಗೆ ವಾಸಿ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಶೀಟು ಹೊದಿಸಿದ ನಮ್ಮ ಸಭೆಯಲ್ಲಿ ಸಾಕ್ಷಿಯಿಲ್ಲದ ಮನೆಯೆಂದರೆ ಕ್ರಿಸ್ಮಸ್ಸಿಗೂ ಸುಣ್ಣ ಕಾಣದ ಮನೆಯ ಹಾಗೆ. ನನ್ನ ತಂಗಿ ರೂತಮ್ಮ ಟಿ. ನರಸೀಪುರದಿಂದ ಬಸ್ಸು ಹತ್ತಿ ಬಂದು, ಬರೀ ತಲೆನೋವಿಗೆ ಇಪ್ಪತ್ತು ನಿಮಿಷ ಸಾಕ್ಷಿ ಹೇಳಿ ಹೋಗುತ್ತಿದ್ದಳು. ನನಗೆ ಹೊಟ್ಟೆಯುರಿ.

ಅಂಥ ಹೊತ್ತಿನಲ್ಲಿ ನಮ್ಮೆಜಮಾನರ ಬಲಗೈಯ ಮೂರು ಬೆರಳು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಹೋದವು. ಸಭೆಯಲ್ಲಿ ಢೋಲಕ್ ಬಾರಿಸುತ್ತಿದ್ದ ಮನುಷ್ಯ, ಊರಿಗೆಲ್ಲ ಕೀಟಲೆ ಮಾಡುತ್ತಿದ್ದವರು, ಮಾತೇ ಬಿಟ್ಟು ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತುಬಿಟ್ಟರು. ಇನ್ನು ಹೀಗೇ ಉಳಿದುಬಿಡುತ್ತಾರೇನೋ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಆದರೂ ನಿಜ ಹೇಳಿಬಿಡುತ್ತೇನೆ: ಆ ಭಯದ ಮಗ್ಗುಲಲ್ಲೇ, ನಮಗೂ ಒಂದು ದೊಡ್ಡ ಸಾಕ್ಷಿ ಸಿಕ್ಕಿತಲ್ಲ ಎಂಬ ಆಸೆಯೂ ಇತ್ತು.

ರೂತಮ್ಮ ಸಾಕ್ಷಿಯನ್ನು ಹಾಳೆಯಲ್ಲಿ ಬರೆದೇ ತಂದಳು. “ಭಾವ, ಎರಡು ಬೆರಳು ಉಳಿಸಿದ್ದಕ್ಕೆ ಸ್ತೋತ್ರ ಅಂತ ಶುರು ಮಾಡಿ. ಜನ ಅತ್ಬುಡ್ತಾರೆ.”

“ಎರಡು ಉಳಿಸ್ದೋನು ಅವ್ನಾದ್ರೆ, ಮೂರು ತಗೊಂಡೋನು ಯಾರಮ್ಮ?” ಎಂದರು. ಎಷ್ಟೋ ದಿನದ ಮೇಲೆ ಅವರಾಡಿದ ಮೊದಲ ಉದ್ದನೆಯ ಮಾತು ಅದು. ರೂತಮ್ಮ ಹಾಳೆ ಮಡಚಿ ಬೈಬಲ್ಲಿನೊಳಗೆ ಇಟ್ಟುಕೊಂಡಳು.

ನಾನು ಬಿಡಲಿಲ್ಲ. ಭಾನುವಾರ ಬಂತೆಂದರೆ ಹಠ ಹಿಡಿದು ಅವರನ್ನು ಹೊರಡಿಸುತ್ತಿದ್ದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗಾಗದು, ನಾನೇ ಎದುರು ನಿಂತು ಹಾಕಬೇಕು. ಮೊದಮೊದಲು ಅವರು ಸೂರು ನೋಡುತ್ತಾ ನಿಲ್ಲುತ್ತಿದ್ದರು. ನಾನೋ ಅವಸರದಲ್ಲಿ ಒಂದು ಕಾಜ ತಪ್ಪಿಸಿ, ಮತ್ತೆ ಮೊದಲಿಂದ ಹಾಕುತ್ತಿದ್ದೆ.

ಹೀಗೆ ಏಳೆಂಟು ತಿಂಗಳಾದ ಮೇಲೆ ಒಂದು ಭಾನುವಾರ, ಪಾಸ್ಟರು “ಯಾರಾದ್ರೂ ಸಾಕ್ಷಿ?” ಎಂದಾಗ ಅವರೇ ಎದ್ದರು. ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆ.

“ನನ್ ಕೈ ವಾಸಿ ಆಗಿಲ್ಲ ಕಣ್ರಪ್ಪ. ಬೆರಳೇನು ಮೊಳೆಯಕಿಲ್ಲ. ದೇವ್ರ ಮೇಲೆ ಸಿಟ್ಟೂ ಪೂರ್ತಿ ಓಗಿಲ್ಲ. ಅಂಗಿ ಗುಂಡಿ ಇವ್ಳೇ ಆಕ್ತಾಳೆ, ಅದೂ ಒಂದೊಂದ್ಸಲ ತಪ್ಪಾಗಿ. ಮದ್ವೆಯಾಗಿ ಅದಿನೆಂಟು ವರ್ಸ, ಇವ್ಳ ಮೂಗಿನ ಪಕ್ಕ ಒಂದು ಮಚ್ಚೆ ಐತೆ ಅಂತ ಈಗ ಗೊತ್ತಾಯ್ತು. ಬೆಳಗ್ಗೆ ಅದ್ನ ನೋಡ್ತಾ ನಿಂತಿದ್ದೆ, ಯಾಕೋ ಖುಷಿಯಾಯ್ತು. ಇಷ್ಟೇಯ.”

ಸಭೆಗೆ ಗೊಂದಲ. ವಾಸಿಯೇ ಆಗದ ಸಾಕ್ಷಿಗೆ ‘ಸ್ತೋತ್ರ’ ಎಲ್ಲಿ ಅನ್ನಬೇಕು? ಪಾಸ್ಟರು ಕನ್ನಡಕ ಒರೆಸಿಕೊಂಡರು. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಮನೆಗೆ ಬಂದು ಬಾಗಿಲ ಹಿಂದೆ ನಿಂತು ಸಂತೋಷಕ್ಕೆ ಅತ್ತುಬಿಟ್ಟೆ. ಮುಂದಿನ ವಾರ ಅವರು ಢೋಲಕ್ಕನ್ನು ತಿರುಗಿಸಿಟ್ಟುಕೊಂಡು ಎಡಗೈಯಲ್ಲಿ ಬಾರಿಸಿದರು. ತಾಳ ತಪ್ಪುತ್ತಿತ್ತು, ಹಾಡುವವರೇ ಹೊಂದಿಕೊಂಡರು.

ಅವರು ಹೋಗಿ ಈಗ ಮೂರು ವರ್ಷ. ಹೋದ ಭಾನುವಾರ ಆ ಮಂಡಿನೋವಿನವಳು ಕೂತ ಮೇಲೆ, ಹೊಸದಾಗಿ ಬಂದಿರುವ ಎಳೆ ವಯಸ್ಸಿನ ಪಾಸ್ಟರು ನನ್ನ ಕಡೆ ತಿರುಗಿ, “ಅಮ್ಮಾ, ಕರ್ತನು ನಿಮ್ಮ ದುಃಖ ತೆಗೆದುಹಾಕಿದ್ದನ್ನ ಹೇಳ್ತೀರಾ?” ಎಂದರು. ಸಾಕ್ಷಿಗಾಗಿ ಅಷ್ಟು ಹಂಬಲಿಸಿದವಳು ನಾನು. ಆ ಧಾಟಿಯೆಲ್ಲ ನನಗೆ ಬಾಯಿಪಾಠ. ಎದ್ದು ನಿಂತೆ.

“ತೆಗ್ದಿಲ್ಲ ಪಾಸ್ಟ್ರೇ,” ಎಂದೆ. “ಅಳೋವಾಗ್ಲೆಲ್ಲ ಅವರ್ದೊಂದು ಕೀಟಲೆ ನೆನಪಾಗಿ ನಗು ಬತ್ತದೆ. ದುಃಖ ತೆಗೆದ್ರೆ ಅದೂ ಒಂಟೋಗ್ಬುಡ್ತದೆ. ಅದ್ಕೇ, ತೆಗೀಬೇಡಪ್ಪ ಅಂತ ನಾನೇ ಬೇಡ್ಕೊಂಡಿವ್ನಿ.”