ಮೂರು ವರ್ಷ ಸೇರಿಸಿ ಹೇಳು

ದೇವಳಾಲಿಯ ಮಿಲಿಟರಿ ಕ್ಯಾಂಪಿನಲ್ಲಿ ಮನೋರಮಕ್ಕನನ್ನು ಕೆಟ್ಟವಳು ಎಂದವರು ಯಾರೂ ಇರಲಿಲ್ಲ. ರಜೆಗೆ ಊರಿಗೆ ಹೊರಟ ಸಿಪಾಯಿಗಳು ಸ್ಟೇಷನ್ನಿಗೆ ಹೋಗುವ ಮುಂಚೆ ಅವಳ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ದಾರಿಯಲ್ಲಿ ಚಟ್ನಿ ಹಳಸೀತು ಎಂದು ಅವರು ಕೇಳದೆಯೇ ಆಕೆ ಚಟ್ನಿಪುಡಿಯ ಪೊಟ್ಟಣ ಇಡುತ್ತಿದ್ದಳು. ಗಂಡ ಸುಧಾಕರ ಶೆಟ್ಟರು ಗಲ್ಲಾದ ಹಿಂದೆ, ಇವಳು ಅಡುಗೆಮನೆಯ ಬಾಗಿಲಲ್ಲಿ. ಹೆಬ್ರಿ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರಿಗೆ ಜ್ವರ ಬಂದರೆ ಗಂಜಿ ಬೇಯಿಸಿ ಕೊಡುವವಳೂ ಇವಳೇ, ಹರಿದ ಅಂಗಿ ಹೊಲಿದು ಕೊಡುವವಳೂ ಇವಳೇ. ‘ನಮ್ಮ ಮಕ್ಕಳು’ ಎಂದೇ ಹೇಳುತ್ತಿದ್ದಳು. ಆದರೆ ಒಳ್ಳೆಯವರು ಮಾಡುವ ಕೆಡುಕನ್ನು ಯಾರೂ ಕಾಯುತ್ತಾ ಕೂತಿರುವುದಿಲ್ಲ ನೋಡಿ, ಅದಕ್ಕೇ ಅದು ಸಲೀಸಾಗಿ ನಡೆದುಹೋಗುತ್ತದೆ.

ಆ ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ಊರಿನಿಂದ ಹೊಸ ಹುಡುಗ ಬಂದಿಳಿದ ದಿನ ಅವನಿಗೆ ಎಣ್ಣೆ ಹಚ್ಚಿಸಿ, ಬಿಸಿನೀರು ಸುರಿಸಿ, ಹೊಟ್ಟೆ ಬಿರಿಯುವಷ್ಟು ಬಡಿಸುವುದು. ಉಂಡ ಮೇಲೆ ಪಾಠ. ಸರಕಾರದವರು ಯಾರೇ ಬಂದು ಪ್ರಾಯ ಕೇಳಿದರೂ ಮೂರು ವರ್ಷ ಸೇರಿಸಿ ಹೇಳಬೇಕು. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ಇಟ್ಟುಕೊಂಡರೆ ಕೇಸು ಎಂದು ಕಾನೂನು ಬಂದ ಹೊಸತು. ಶೆಟ್ಟರು ಹೇಳಿದರೆ ಹುಡುಗರು ಹೆದರುತ್ತಿದ್ದರು, ಹಾಗಾಗಿ ಪಾಠ ಹೇಳುವ ಕೆಲಸ ಮನೋರಮಕ್ಕನದೇ ಆಯಿತು. ಚೇತನ ಬಂದಾಗ ಅವನಿಗೆ ಹದಿಮೂರು. ತಾಯಿಗೆ ಸೊಂಟ ಬಿದ್ದುಹೋಗಿತ್ತು, ತಂದೆ ಇರಲಿಲ್ಲ. ಹದಿನಾರು ಎಂದು ಹೇಳು ಮಗಾ ಎಂದು ತಲೆ ಒರೆಸುತ್ತಲೇ ಕಲಿಸಿದಳು. ಒಮ್ಮೆ ಹೇಳಿದ ಮೇಲೆ ಸುಳ್ಳಿಗೂ ಪ್ರಾಯ ಬರುತ್ತದಲ್ಲ! ಪ್ರತಿ ದೀಪಾವಳಿಗೆ ಹುಡುಗ ಒಂದು ವರ್ಷ ಬೆಳೆದರೆ ಅವನ ಸುಳ್ಳೂ ಒಂದು ವರ್ಷ ಬೆಳೆಯಿತು. ಹದಿನಾರು ತುಂಬುವ ಹೊತ್ತಿಗೆ ಅವನು ಬಾಯಿಮಾತಿಗೆ ಹತ್ತೊಂಬತ್ತರ ಗಂಡಸಾಗಿದ್ದ.

ಆ ವರ್ಷ, 2010ರಲ್ಲಿ, ಶೆಟ್ಟರು ಔರಂಗಾಬಾದಿನ ಚಿಕಲಠಾಣಾದಲ್ಲಿ ಇನ್ನೊಂದು ಹೋಟೆಲು ತೆರೆದರು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರಲ್ಲ, ಅದೇ ಊರು. ಸುತ್ತ ಕಾರ್ಖಾನೆಗಳು, ಊಟದ ಹೊತ್ತಿಗೆ ಜಾತ್ರೆಯಂಥ ಜನ. ಅಡುಗೆ ಭಟ್ಟ ಹರಿದಾಸನನ್ನೂ ಚೇತನನನ್ನೂ ಅಲ್ಲಿಗೆ ಕಳಿಸಿದರು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುವ ತುಕಾರಾಮನಿಗೂ ಹರಿದಾಸನಿಗೂ ಹಿತ್ತಲಲ್ಲಿ ಜಗಳ ಹತ್ತಿತು. ಬಿಡಿಸಲು ಹೋದ ಚೇತನ ತುಕಾರಾಮನ ಕೈ ಹಿಡಿದು ಎಳೆದ. ಅಷ್ಟರಲ್ಲಿ ಹರಿದಾಸ ಕಬ್ಬಿಣದ ಸಟ್ಟುಗ ಬೀಸಿದ್ದ. ತುಕಾರಾಮ ಆಸ್ಪತ್ರೆ ಮುಟ್ಟುವುದರೊಳಗೆ ಸತ್ತ. ಒಬ್ಬ ಹಿಡಿದ, ಒಬ್ಬ ಹೊಡೆದ ಎಂದು ಪೊಲೀಸರು ಇಬ್ಬರ ಮೇಲೂ ಕೊಲೆ ಕೇಸು ಹಾಕಿದರು.

ಠಾಣೆಯಲ್ಲಿ ಪ್ರಾಯ ಕೇಳಿದರು. ಹತ್ತೊಂಬತ್ತು ಎಂದ. ಮಾರನೆಯ ದಿನ ಮ್ಯಾಜಿಸ್ಟ್ರೇಟರು ಕೇಳಿದರು. ಅವರಿಗೂ ಹತ್ತೊಂಬತ್ತು ಎಂದ. ಸರಕಾರದವರು ಕೇಳಿದರೆ ಹೇಳಬೇಕಾದ್ದು ಅದೇ ತಾನೆ? ದೊಡ್ಡವರ ಜೈಲಿಗೆ ದಬ್ಬಿದರು.

ಶೆಟ್ಟರು ಮೊದಲು ದುಡ್ಡಿನ ವಕೀಲರನ್ನೇ ಹುಡುಕಿದರು. ಕೊಲೆ ಕೇಸು ಎಂದೊಡನೆ ವಕೀಲರು ಕೇಳಿದ ಫೀಸಿಗೆ ಬೆದರಿ ಹಿಂದೆ ಸರಿದರು. ದಾರಿ ತೋರಿಸಿದವಳು ಮಗಳು ಅಕ್ಷಿತಾ. ಅವಳ ಕಾಲೇಜಿಗೆ ಯಾರೋ ಬಂದು ಭಾಷಣ ಮಾಡಿದ್ದರಂತೆ: ಜೈಲಿನಲ್ಲಿರುವವರಿಗೆ, ಹೆಂಗಸರಿಗೆ, ಹದಿನೆಂಟರೊಳಗಿನವರಿಗೆ ಸರಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ, ಜಿಲ್ಲಾ ಕೋರ್ಟಿನಲ್ಲೇ ಅದಕ್ಕೆ ಕಚೇರಿ ಉಂಟು ಎಂದು. “ಫುಕಟ್ ಮಿಳತೋ ಮಮ್ಮಿ, ನೀನು ಹೋಗಿ ಕೇಳು” ಎಂದಳು. ಪುಕ್ಕಟೆ ವಕೀಲ ಅಂದರೆ ಪುಕ್ಕಟೆ ಮಾತು ಎಂದು ಶೆಟ್ಟರು ಗೊಣಗಿದರು. ಮನೋರಮಕ್ಕ ಔರಂಗಾಬಾದಿಗೆ ಬೆಳಗಿನ ಬಸ್ಸು ಹತ್ತಿದಳು. ಹೊರಡುವಾಗ ಶೆಟ್ಟರು ಒಂದು ಮಾತು ಹೇಳಿ ಕಳಿಸಿದರು. “ಪ್ರಾಯದ ವಿಷಯ ಮಾತ್ರ ಎತ್ತಬೇಡ. ಹದಿಮೂರಕ್ಕೇ ಬಂದ ಅಂತ ಗೊತ್ತಾದ್ರೆ ಹೋಟೆಲಿಗೆ ಬೀಗ. ಬೀಗ ಬಿದ್ರೆ ಉಳಿದ ಹುಡುಗ್ರು ಎಂತ ತಿನ್ನುದು?”

ಕೋರ್ಟಿನ ಆ ಕಚೇರಿಯಲ್ಲಿ ಅವಳಿಗೆ ಸಿಕ್ಕಿದ ವಕೀಲೆ ಹರಿಪ್ರಿಯಾ. ತಂದೆ ಧಾರವಾಡದವರು, ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದವರು. ಮರಾಠಿಯಲ್ಲಿ ಬೆಳೆದ ಹುಡುಗಿ, ತಪ್ಪುತ್ತಾ ತಡವರಿಸುತ್ತಾ ಕನ್ನಡ ಆಡುತ್ತಿದ್ದಳು. ಮನೋರಮಕ್ಕನಿಗೆ ಪರವೂರಿನಲ್ಲಿ ಕನ್ನಡ ಕೇಳಿದ್ದೇ ಕಣ್ಣಲ್ಲಿ ನೀರು ಬಂತು. ಹರಿಪ್ರಿಯಾ ಚಹಾ ತರಿಸಿದಳು, ನಡೆದದ್ದನ್ನೆಲ್ಲ ಕೇಳಿಕೊಂಡಳು, ಆಮೇಲೆ ಪೆನ್ನು ಕೆಳಗಿಟ್ಟಳು.

“ಕಾಕೂ, ಹುಡುಗಗ ಹದಿನೆಂಟು ತುಂಬಿಲ್ಲಂದ್ರ ಈಗ ಹೇಳ್ರಿ. ಆ ಜೈಲಿನ್ಯಾಗ ಅವನ್ನ ಒಂದು ದಿವಸಾನೂ ಇಡಾಕ ಬರಂಗಿಲ್ಲ. ನಾನs ಬಿಡಿಸಿ ಮಕ್ಕಳ ಹೋಮಿಗೆ ಕಳಸ್ತೀನಿ.”

ಇದಕ್ಕಿಂತ ನೇರವಾಗಿ ಯಾರು ಕೇಳಿಯಾರು? ಬಾಗಿಲು ತೆರೆದಿಟ್ಟು ಒಳಗೆ ಬನ್ನಿ ಎಂದ ಹಾಗೆ. ಮನೋರಮಕ್ಕ ಮೇಜಿನ ಮೇಲಿದ್ದ ಸರಕಾರಿ ಮೊಹರನ್ನು ನೋಡಿದಳು, ಗೋಡೆಯ ಮೇಲಿನ ಬೋರ್ಡನ್ನು ನೋಡಿದಳು. ಗಂಡನ ಮಾತು ಕಿವಿಯಲ್ಲಿತ್ತು, ನಾಲಗೆಗೆ ವರ್ಷಗಳ ರೂಢಿಯಿತ್ತು.

“ಹತ್ತೊಂಬತ್ತು ತುಂಬಿದೆ ಮೇಡಂ” ಎಂದಳು.

ಹರಿಪ್ರಿಯಾಳಿಗೆ ಸಂಶಯ ಹೋಗಲಿಲ್ಲ. ಜೈಲಿಗೆ ಹೋಗಿ ಚೇತನನನ್ನೇ ಕೇಳಿದಳು. ಅವನೂ ಅಷ್ಟೇ ಹೇಳಿದ. ಹೋಟೆಲಿನ ಅಕ್ಕನ ಕಡೆಯಿಂದ ಬಂದವಳು ಎಂದಾಗ ಇನ್ನೂ ಗಟ್ಟಿಯಾಗಿ ಹೇಳಿದನಂತೆ, ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು. ಸಾಕಿದವಳೂ ಅದನ್ನೇ ಹೇಳಿ ಹುಡುಗನೂ ಅದನ್ನೇ ಹೇಳಿದರೆ ವಕೀಲೆ ಇನ್ನೇನು ಮಾಡಿಯಾಳು? ಜಾಮೀನಿಗೆ ಅರ್ಜಿ ಹಾಕಿದಳು. ಕೊಲೆ ಕೇಸು, ಊರು ಬೇರೆ ರಾಜ್ಯದ್ದು, ಓಡಿಹೋದಾನು ಎಂದು ಕೋರ್ಟು ತಳ್ಳಿಹಾಕಿತು.

ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ದೇವಳಾಲಿಯಲ್ಲಿ ಇಡ್ಲಿ ಬೇಯುತ್ತಲೇ ಇತ್ತು. ಚೇತನ ನನ್ನ ಏಜಿನವನೇ ಅಲ್ವಾ ಎಂದು ಅಕ್ಷಿತಾ ಒಮ್ಮೆ ಕೇಳಿದಾಗ, ಮನೋರಮಕ್ಕ ಓದು ಸುಮ್ಮನೆ ಎಂದು ಗದರಿದಳು. ಗದರಿ ಒಳಗೆ ಹೋಗಿ ಅತ್ತಳು. ಅತ್ತರೇನು ಬಂತು? ಅಳು ಅವನನ್ನು ಬಿಡಿಸುವುದಿಲ್ಲ. ಬಿಡಿಸುವ ಮಾತು ಅವಳ ಬಾಯಲ್ಲೇ ಇತ್ತು.

ಕಡೆಗೆ ಹರಿಪ್ರಿಯಾಳ ಫೋನು ಬಂತು. ಹುಡುಗ ಸರಕಾರಿ ಆಸ್ಪತ್ರೆಯಲ್ಲಿದ್ದಾನೆ, ಒಳಗಿನ ಕೈದಿಗಳು ಹೊಡೆದಿದ್ದಾರೆ, ಬಂದು ನೋಡಿ ಎಂದಳು.

ಮನೋರಮಕ್ಕ ಹೋಗಿ ನೋಡಿದಳು. ಕಾಲನ್ನು ಮಂಚಕ್ಕೆ ಸರಪಳಿ ಹಾಕಿ ಕಟ್ಟಿದ್ದರು. ಎಡಗಿವಿಗೆ ಹತ್ತಿ ತುರುಕಿತ್ತು, ಆ ಕಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮೀಸೆಯೇ ಮೂಡದ ಮುಖ. ದೇವರೇ, ಈ ಮುಖ ನೋಡಿಯೂ ಹತ್ತೊಂಬತ್ತು ಎಂದೆನಲ್ಲ! ಅವಳು ಹಣೆ ಮುಟ್ಟಲು ಕೈ ಚಾಚಿದಾಗ ಅವನು ತೋಳನ್ನು ಮುಖಕ್ಕೆ ಅಡ್ಡ ಹಿಡಿದ. ಯಾರೆಂದು ಗೊತ್ತಾದ ಮೇಲೂ ತೋಳು ಕೆಳಗಿಳಿಸಲಿಲ್ಲ.

ಅಲ್ಲಿಂದ ಅವಳು ನೇರ ಕೋರ್ಟಿನ ಕಚೇರಿಗೆ ಹೋದಳು. ಗಂಡನಿಗೆ ಫೋನು ಮಾಡಲಿಲ್ಲ. ಹದಿಮೂರಕ್ಕೆ ಬಂದ, ಈಗ ಹದಿನಾರು, ಸುಳ್ಳು ಕಲಿಸಿದವಳು ನಾನು, ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದಳು. ಅಟ್ಟ ಮೇಲೆ ಒಲೆ ಉರಿಯಿತು. ಹರಿಪ್ರಿಯಾ ಹಳೆಯ ಫೈಲು ತೆಗೆದು ಮೇಜಿನ ಮೇಲಿಟ್ಟಳು.

“ನಾ ಅವತ್ತು ಕೇಳಿದ್ದೆ ಕಾಕೂ” ಎಂದಳು. “ಇಲ್ಲೇ ಕೂತು ಕೇಳಿದ್ದೆ.”

ಮುಂದಿನದು ಬೇಗ ನಡೆಯಿತು, ಅದೇ ಹೊಟ್ಟೆ ಉರಿಸುವ ವಿಷಯ. ಊರಿನ ಶಾಲೆಯ ಹೆಡ್‌ಮಾಸ್ತರರು ಹುಟ್ಟಿದ ತಾರೀಕಿನ ದಾಖಲೆ ಕಳಿಸಿಕೊಟ್ಟರು, ಮನೋರಮಕ್ಕ ಕಟಕಟೆಯಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿದಳು. ಕೋರ್ಟು ಕೇಸನ್ನು ಬಾಲನ್ಯಾಯ ಮಂಡಳಿಗೆ ಒಪ್ಪಿಸಿ, ಹುಡುಗನನ್ನು ಮಕ್ಕಳ ಹೋಮಿಗೆ ಕಳಿಸಿತು. ಶೆಟ್ಟರ ಮೇಲೆ ಬಾಲಕಾರ್ಮಿಕ ಕೇಸು ಬಿತ್ತು. ಚಿಕಲಠಾಣಾದ ಹೋಟೆಲು ಮುಚ್ಚಿತು, ದೇವಳಾಲಿಯದು ಹೇಗೋ ಉಳಿಯಿತು. ಶೆಟ್ಟರು ಹೆಂಡತಿಯ ಜತೆ ಮಾತು ಬಿಟ್ಟರು. ಬಿಡಲಿ, ಅದು ಅವಳಿಗೆ ನಾಟಲಿಲ್ಲ.

ಮಂಡಳಿ ಜಾಮೀನು ಕೊಡಲು ಒಪ್ಪಿತು. ಯಾರಾದರೂ ಹುಡುಗನ ಜವಾಬ್ದಾರಿ ಹೊತ್ತು ಕರೆದುಕೊಂಡು ಹೋಗಬೇಕು, ಕರೆದಾಗ ಹಾಜರುಪಡಿಸಬೇಕು. ತಾಯಿ ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಮನೋರಮಕ್ಕ ತಾನು ಹೊರುತ್ತೇನೆ ಎಂದಳು. ಹೋಟೆಲಿನಲ್ಲಲ್ಲ, ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ, ಶಾಲೆಗೆ ಸೇರಿಸುತ್ತೇನೆ, ಕಿವಿಗೆ ಔಷಧಿ ಮಾಡಿಸುತ್ತೇನೆ ಎಂದು ಹರಿಪ್ರಿಯಾಳ ಕೈ ಹಿಡಿದು ಬೇಡಿಕೊಂಡಿದ್ದಳು. ಮಂಡಳಿಯ ಮುಂದೆ ಹಾಜರಾದ ದಿನ ಅವನಿಗೆಂದು ಹೊಸ ಅಂಗಿ ತಂದಿದ್ದಳು. ಇಷ್ಟಾದರೂ ಸರಿಮಾಡಬಹುದು ಎಂಬ ಒಂದೇ ಆಸೆ ಅವಳನ್ನು ನಿಲ್ಲಿಸಿತ್ತು.

ಮಂಡಳಿಯ ಅಧ್ಯಕ್ಷರು ಮರಾಠಿಯಲ್ಲಿ ಕೇಳಿದರು, ಈ ಹೆಂಗಸಿನ ಜತೆ ಹೋಗುತ್ತೀಯಾ ಎಂದು. ಚೇತನ ಬಲಗಿವಿಯನ್ನು ಅವರ ಕಡೆಗೆ ತಿರುಗಿಸಿದ. ಹರಿಪ್ರಿಯಾ ಅದನ್ನೇ ಕನ್ನಡದಲ್ಲಿ ಕೇಳಿದಳು. ಹುಡುಗ ಮನೋರಮಕ್ಕನನ್ನು ನೋಡಿದ. ಸಿಟ್ಟಿನಿಂದಲ್ಲ. ಸಿಟ್ಟಾದರೂ ಇದ್ದಿದ್ದರೆ ಅವಳು ಕಾಲಿಗೆ ಬೀಳುತ್ತಿದ್ದಳು.

“ಬೇಡ ಅಕ್ಕ, ಹೋಮಿನಲ್ಲೇ ಇರ್ತೇನೆ” ಎಂದ. “ಬಾಗಿಲಿಗೆ ಬೀಗ ಹಾಕ್ತಾರೆ. ಹಾಕಿದ್ರೂ ಅಡ್ಡಿಲ್ಲ.”

ಹರಿಪ್ರಿಯಾ ಅದನ್ನು ಮರಾಠಿಗೆ ತಿರುಗಿಸಿ ಹೇಳಿದಳು. ಅಧ್ಯಕ್ಷರು ಬರೆದುಕೊಂಡು ಮುಂದಿನ ಕೇಸನ್ನು ಕರೆದರು. ಮನೋರಮಕ್ಕ ಹೊರಗಿನ ಬೆಂಚಿನಲ್ಲಿ ಕೂತಳು. ಹೋಮಿನ ವ್ಯಾನು ಬಂತು, ಹುಡುಗ ತಾನಾಗಿ ಹತ್ತಿ, ಒಳಗಿನ ಮೂಲೆಯಲ್ಲಿ ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕೂತ. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ಹೆಸರು ಹಿಡಿದು ಕರೆದಳು. ಕರೆದದ್ದು ಎಡಗಿವಿಯ ಕಡೆಯಿಂದ, ಅವನಿಗೆ ಕೇಳಿಸಲಿಲ್ಲ.