ಮೇಯರರ ಟಿಕೆಟ್ಟು, ಅಗ್ರಿಪಿನಾಳ ಇಪ್ಪತ್ತೇಳು ವರ್ಷ

ಮೊಲ್ದೋವಾದ ಉತ್ತರಕ್ಕಿರುವ ನಮ್ಮ ಊರಿನಲ್ಲಿ ನಾಲ್ಕನೇ ನಂಬರಿನ ಟ್ರಾಲಿಬಸ್ಸಿಗೆ ಡ್ರೈವರುಗಳು ಬಂದರು, ಹೋದರು. ಊರಿಗೆ ಮೇಯರುಗಳು ಬಂದರು, ಹೋದರು. ಒಬ್ಬಿಬ್ಬರನ್ನು ಪೊಲೀಸರೇ ಬಂದು ಕರೆದುಕೊಂಡು ಹೋದರು. ಇಪ್ಪತ್ತೇಳು ವರ್ಷದಿಂದ ಅಲುಗಾಡದೆ ನಿಂತವಳು ಕಂಡಕ್ಟರ್ ಅಗ್ರಿಪಿನಾ ಬುಜ್ದುಗಾನ್ ಒಬ್ಬಳೇ. ಬುಜ್ದುಗಾನ್ ಎಂದರೆ ನಮ್ಮ ಮಾತಿನಲ್ಲಿ ಗದೆ. ಹೆಸರು ಗಂಡನಿಂದ ಬಂದದ್ದು. ಆತ ದುಡಿಯಲು ಇಟಲಿಗೆ ಹೋದವನು ಅಲ್ಲೇ ಉಳಿದ, ಗದೆ ಇಲ್ಲಿ ಉಳಿಯಿತು. ಆತನಿಗಿಂತ ಅದು ಇವಳಿಗೇ ಹೆಚ್ಚು ಒಪ್ಪುತ್ತಿತ್ತು ಎಂಬುದರಲ್ಲಿ ಊರಿನಲ್ಲಿ ಭಿನ್ನಾಭಿಪ್ರಾಯವಿಲ್ಲ. ಬೇರೆ ಯಾವ ವಿಷಯದಲ್ಲೂ ನಮಗೆ ಏಕಾಭಿಪ್ರಾಯ ಬಂದದ್ದಿಲ್ಲ.

ಎದೆಗೆ ಅಡ್ಡಲಾಗಿ ಚರ್ಮದ ಚೀಲ, ಚೀಲದ ಪಟ್ಟಿಗೆ ಸಿಕ್ಕಿಸಿದ ಟಿಕೆಟ್ ಸುರುಳಿ, ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು. ಬಸ್ಸು ತಿರುವಿನಲ್ಲಿ ವಾಲಿದಾಗ ಎಲ್ಲರೂ ಕಂಬಿ ಹಿಡಿಯುತ್ತಾರೆ. ಕಂಬಿ ಸಿಗದವರು ಅಗ್ರಿಪಿನಾಳನ್ನು ಹಿಡಿಯುತ್ತಾರೆ. ಮದುವೆಯ ದಿನ ಬಿಳಿ ಗೌನು ಎತ್ತಿಕೊಂಡು ಓಡಿಬಂದು ಹತ್ತಿದ ಮದುಮಗಳ ಕೈಯಲ್ಲೂ ಅವಳು ಟಿಕೆಟ್ ಕೊಳ್ಳಿಸಿದವಳು. ಸ್ವಂತ ಅತ್ತೆಯನ್ನು ನಡುದಾರಿಯಲ್ಲಿ ಇಳಿಸಿದವಳು. ಅತ್ತೆ ಆಮೇಲೆ ಸಾಯುವವರೆಗೂ ಸೊಸೆಯ ಹತ್ತಿರ ಮಾತಾಡಲಿಲ್ಲ. ಆ ಒಂಬತ್ತು ವರ್ಷ ತನ್ನ ಬದುಕಿನಲ್ಲೇ ನೆಮ್ಮದಿಯ ಕಾಲವಾಗಿತ್ತು ಎಂದು ಅಗ್ರಿಪಿನಾ ಹೇಳುತ್ತಾಳೆ. ಅವಳ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಒಬ್ಬನೇ ಒಬ್ಬ ಪ್ರಯಾಣಿಕನೂ ಈ ಕತೆ ನಡೆಯುವವರೆಗೆ ತಪಾಸಣೆಯವರ ಕೈಗೆ ಸಿಕ್ಕಿರಲಿಲ್ಲ. ಬೇರೆಯವರಿಗೆ ಮಕ್ಕಳ ಮೇಲೆ, ದ್ರಾಕ್ಷಿ ತೋಟದ ಮೇಲೆ ಇರುವ ಅಭಿಮಾನ ಅವಳಿಗೆ ಈ ಒಂದು ಸಂಗತಿಯ ಮೇಲಿತ್ತು.

ಆ ಬಸ್ಸಿನ ಎರಡು ಪದ್ಧತಿಗಳನ್ನು ಇಲ್ಲಿ ಹೇಳಲೇಬೇಕು. ಒಂದು: ಬೆಳಗಿನ ನೂಕುನುಗ್ಗಲಿನಲ್ಲಿ ಕಂಡಕ್ಟರ್ ಓಡಾಡಲಾಗದು. ಹಿಂದಿನ ಬಾಗಿಲಿನಿಂದ ಹತ್ತಿದವರು ದುಡ್ಡನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ಸಾಗಿ ಅಗ್ರಿಪಿನಾಳನ್ನು ಮುಟ್ಟುತ್ತದೆ, ಟಿಕೆಟ್ಟೂ ಚಿಲ್ಲರೆಯೂ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತವೆ. ನೆಲದ ಮೇಲೆ ಸ್ವಂತ ತಮ್ಮನನ್ನೂ ನಂಬದ ನಮ್ಮ ಜನ ಟ್ರಾಲಿಬಸ್ಸಿನೊಳಗೆ ಗುರುತಿಲ್ಲದವರ ಕೈಗೂ ದುಡ್ಡು ಕೊಟ್ಟು ಕಿಟಕಿಯ ಕಡೆ ನೋಡುತ್ತಾ ನಿಲ್ಲುತ್ತಾರೆ. ಇನ್ನೊಂದು: ಟಿಕೆಟ್ಟಿನಲ್ಲಿ ಆರು ಅಂಕಿಗಳಿರುತ್ತವೆ. ಮೊದಲ ಮೂರನ್ನು ಕೂಡಿದರೆ ಬರುವುದೂ ಕೊನೆಯ ಮೂರನ್ನು ಕೂಡಿದರೆ ಬರುವುದೂ ಒಂದೇ ಆದರೆ ಅದು ಅದೃಷ್ಟದ ಟಿಕೆಟ್. ಅದನ್ನು ಅಲ್ಲೇ, ಆಗಲೇ, ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ತಿಂದುಬಿಡಬೇಕು. ಏನು ಬೇಡಿಕೊಂಡೆ ಎಂದು ಬಾಯಿಬಿಟ್ಟರೆ ಫಲಿಸುವುದಿಲ್ಲ. ಪಿಎಚ್‌ಡಿ ಮಾಡಿದವರು ಟಿಕೆಟ್ ಅಗಿಯುವುದನ್ನು ನಾನೇ ನೋಡಿದ್ದೇನೆ.

ಹೀಗಿರುವಾಗ ಹೊಸ ಮೇಯರ್ ಬಂದರು. ಕೊರ್ನೆಲಿಯು ರುಸ್ನಾಕ್, ನಲವತ್ತು ದಾಟಿದ ಸಣಕಲು ಮನುಷ್ಯ, ಮೊದಲು ನೀರು ಸರಬರಾಜಿನಲ್ಲಿ ಎಂಜಿನಿಯರ್. ಬಂದ ವಾರವೇ ಎರಡು ಘೋಷಣೆ ಮಾಡಿದರು. ಮನೆ ಕಂದಾಯ ಏರುತ್ತದೆ. ತಾವು ಪುರಸಭೆಯ ಕಾರು ಬಿಟ್ಟು ಎಲ್ಲರಂತೆ ಟ್ರಾಲಿಬಸ್ಸಿನಲ್ಲಿ ಓಡಾಡುತ್ತಾರೆ. ಮೊದಲನೆಯದಕ್ಕೆ ಊರು ಸಿಟ್ಟಾಯಿತು. ಎರಡನೆಯದಕ್ಕೆ ಇನ್ನೂ ಹೆಚ್ಚು ಸಿಟ್ಟಾಯಿತು, ಏಕೆಂದರೆ ನಾಲ್ಕನೇ ನಂಬರಿನಲ್ಲಿ ಮೊದಲೇ ಜಾಗವಿರಲಿಲ್ಲ.

ಮಹಾಯುದ್ಧ ಬಸ್ಸಿನೊಳಗೇ ಶುರುವಾಯಿತು. ವಿರೋಧ ಪಕ್ಷದ ಸೇನಾಪತಿ ಪೊರ್ಫಿರ್ ಗಲಾತ್ಸಾನ್, ನಿವೃತ್ತ ದನದ ಡಾಕ್ಟರು, ಪಿಂಚಣಿದಾರರ ಉಚಿತ ಪಾಸಿನವರು. ಮೇಯರರ ಪಕ್ಷಕ್ಕೆ ತುದೋಸಿಯಾ, ಮಾರುಕಟ್ಟೆಯಲ್ಲಿ ಕುರಿಹಾಲಿನ ಗಿಣ್ಣು ಮಾರುವವಳು, ಎರಡು ಬಕೆಟ್‌ಗಳ ಒಡತಿ.

"ಹಿಂದಿನ ಮೇಯರ್ ಕದೀತಿದ್ದ, ಒಪ್ಪಿದೆ," ಎನ್ನುತ್ತಿದ್ದರು ಪೊರ್ಫಿರ್. "ಆದ್ರೆ ಏನು ಕದ್ದ, ಎಲ್ಲಿ ಮನೆ ಕಟ್ಟಿಸ್ದ, ಎಲ್ಲಾ ಕಣ್ಣಿಗೆ ಕಾಣ್ತಿತ್ತು. ಇವನು ಏನೂ ಕದೀತಿಲ್ವಲ್ಲ, ಅದೇ ನನಗೆ ಭಯ. ಏನೋ ಭಾರೀದೇ ಇದೆ."

"ಅಯ್ಯೋ ಡಾಕ್ಟ್ರೇ, ಕದ್ರೂ ತಪ್ಪು, ಕದೀದಿದ್ರೂ ತಪ್ಪಾ? ಪಾಪ, ಎಲ್ಲರ ಹಾಗೆ ನಿಂತ್ಕೊಂಡು ಬರ್ತಾನೆ."

"ಬರ್ತಾನೆ ಬರ್ತಾನೆ, ಇನ್ನೊಂದು ವಾರ. ಆಮೇಲೆ ಮಂಡಿ ನೋವು ಅಂತಾನೆ. ಕಂದಾಯ ಮಾತ್ರ ಏರಿದ್ದು ಇಳಿಯಲ್ಲ ನೋಡು."

"ನಿಮ್ಮ ಮನೆ ಕಂದಾಯ ನೀವು ಕೊನೇ ಸಲ ಕಟ್ಟಿದ್ದು ಯಾವಾಗ, ಅದನ್ನ ಹೇಳಿ ಮೊದ್ಲು!"

"ಬಕೆಟ್ ಕಾಲ ಮೇಲಿಂದ ತೆಗಿ!"

ಅಗ್ರಿಪಿನಾ ಎರಡೂ ಪಕ್ಷಗಳನ್ನು ಸಮನಾಗಿ ಗದರುತ್ತಿದ್ದಳು: "ರೀ, ರಾಜಕೀಯ ಇಳಿದ್ಮೇಲೆ! ಬಾಗಿಲು ಬಿಡಿ!"

ಮಂಗಳವಾರ ಬೆಳಿಗ್ಗೆ ದುರಂತ ನಡೆಯಿತು. ಮೇಯರ್ ಎಂದಿನಂತೆ ಹಿಂದಿನ ಬಾಗಿಲಿನಲ್ಲಿ ಹತ್ತಿದರು. ಹಿಂದಿನಿಂದ ಹತ್ತು ಲೆಯಿಯ ನೋಟೊಂದು ಮುಂದಕ್ಕೆ ಹೋಯಿತು. ನನ್ನ ಕೈಯನ್ನೂ ದಾಟಿತು, ಯಾರದೆಂದು ನಾನು ತಿರುಗಿ ನೋಡಲಿಲ್ಲ. ಮುಂದಿನ ನಿಲ್ದಾಣದಲ್ಲಿ ತಪಾಸಣೆಯವರು ಹತ್ತಿದರು. ನೇರವಾಗಿ ಹಿಂದಕ್ಕೆ ಬಂದು ಮೇಯರರ ಮುಂದೆ ನಿಂತರು.

"ಟಿಕೆಟ್?"

"ದುಡ್ಡು ಕಳಿಸಿದೀನಿ," ಎಂದರು ಮೇಯರ್. "ಚಿಲ್ಲರೆ ಬಂತು, ಟಿಕೆಟ್ ಇನ್ನೂ ಬಂದಿಲ್ಲ."

ಬಸ್ಸಿಗೆ ಬಸ್ಸೇ ಘೊಳ್ಳೆಂದು ನಕ್ಕಿತು. ಟಿಕೆಟ್ ಕೊಳ್ಳದ ಪ್ರತಿಯೊಬ್ಬನೂ ಅನಾದಿ ಕಾಲದಿಂದ ಹೇಳಿಕೊಂಡು ಬಂದ ಮಾತು ಅದು. ಮೇಯರರ ಕಿವಿ ಬೀಟ್‌ರೂಟಿನಂತೆ ಕೆಂಪಾಯಿತು. ಅಲ್ಲೇ ದಂಡ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಆ ಕೆಂಪು ಕಿವಿಯ ಫೋಟೋ ಊರಿನ ಎಲ್ಲರ ಫೋನಿನಲ್ಲಿತ್ತು.

ಅಗ್ರಿಪಿನಾಳ ಕೈಗೆ ತಪಾಸಣೆಯ ವರದಿಯ ಪ್ರತಿ ಸಿಕ್ಕಿತು: ಟಿಕೆಟ್ ಕೊಡದ ಕಂಡಕ್ಟರ್ ಎಂದು ಅವಳ ಹೆಸರು. ಡಿಪೋ ಮ್ಯಾನೇಜರ್ ಕರೆಸಿದರು. ಬೇರೆಯವರಾಗಿದ್ದರೆ ಎಚ್ಚರಿಕೆ ಕೊಟ್ಟು ಬಿಡಬಹುದಿತ್ತು, ಮೇಯರ್ ವಿಷಯವಾದ್ದರಿಂದ ಆಗದು. ಒಂದು ವಾರದೊಳಗೆ ತಾನು ಟಿಕೆಟ್ ಕೊಟ್ಟದ್ದನ್ನು ತೋರಿಸಬೇಕು. ಇಲ್ಲವಾದರೆ ಚೀಲ ಒಪ್ಪಿಸಿ ಡಿಪೋದ ಗುಂಡಿಯಲ್ಲಿ ಬಸ್ಸು ತೊಳೆಯುವ ಕೆಲಸ. ಅಲ್ಲಿ ಮಾತಿಗೆ ಒಂದು ನಾಯಿಯೂ ಇಲ್ಲ. ದಿನಕ್ಕೆ ಸಾವಿರ ಜನರನ್ನು ಗದರಿ ಬದುಕಿದ ಹೆಂಗಸಿಗೆ ಅದು ಜೀವಂತ ಸಮಾಧಿ.

ಅಂದಿನಿಂದ ಹತ್ತಿದವರೆಲ್ಲ ಅವಳನ್ನೇ ವಿಚಾರಣೆ ಮಾಡತೊಡಗಿದರು. "ಅಗ್ರಿಪಿನಾಕ್ಕ, ನಿಜ ಹೇಳು, ಕೊಟ್ಟಿದ್ನಾ?" "ಅವನೇ ನಿನ್ನ ಬಾಯಿ ಮುಚ್ಚಿಸಿದಾನಂತೆ?" "ನೀನೇ ಮರೆತೆಯೇನೋ, ವಯಸ್ಸಾಯ್ತಲ್ಲ."

"ವಯಸ್ಸಾಯ್ತು ಅಂದೋನ್ಯಾರು? ಮುಂದಕ್ಕೆ ಬಾ!" ಎಂದು ಅವಳು ಗುಡುಗಿದಳು. "ಹಿಂದಿನಿಂದ ಹತ್ತು ಲೆಯಿ ಬಂತು, ಒಂದು ಟಿಕೆಟ್ ಹರಿದೆ, ನಾಲ್ಕು ಲೆಯಿ ಚಿಲ್ಲರೆ ಕೊಟ್ಟೆ. ನಾನು ಟಿಕೆಟ್ ಹರಿಯೋಳು, ಕೋರ್ಟ್ ನಡ್ಸೋಳಲ್ಲ! ನೂರು ಜನ ನಿಂತಿದ್ರಿ, ನೂರು ಜೊತೆ ಕಣ್ಣು, ಒಬ್ಬನಿಗೂ ಏನೂ ಕಾಣ್ಲಿಲ್ವಾ? ಫೋಟೋ ತೆಗೆಯೋಕೆ ಮಾತ್ರ ಕಾಣ್ತದೆ!"

ಪೊರ್ಫಿರರ ಸಂಭ್ರಮ ಹೇಳತೀರದು. ಆರು ಲೆಯಿ ತಪ್ಪಿಸುವವನು ಕಂದಾಯದ ಪೆಟ್ಟಿಗೆಯನ್ನು ಬಿಟ್ಟಾನೆಯೇ ಎಂದು ಸಾರುತ್ತಾ ದಿನಕ್ಕೆ ಎರಡು ಬಾರಿ ಕೆಲಸವಿಲ್ಲದೆಯೂ ಬಸ್ಸು ಹತ್ತಿದರು.

ಭಾನುವಾರ ಅಗ್ರಿಪಿನಾ ಅಡುಗೆಮನೆಯಲ್ಲಿ ಕುಳಿತು ಜೋಳದ ಹಿಟ್ಟಿನ ಮುದ್ದೆಗೆ ಗಿಣ್ಣು ಹಚ್ಚಿಕೊಳ್ಳುತ್ತಾ ಆ ವರದಿಯನ್ನು ಹದಿನೆಂಟನೆಯ ಸಲ ಓದಿದಳು. ತಪಾಸಣೆಯವರು ಹತ್ತಿದಾಗ ಸುರುಳಿಯಲ್ಲಿ ಮುಂದೆ ಇದ್ದ ಟಿಕೆಟ್ಟಿನ ಸಂಖ್ಯೆಯನ್ನು ಅದರಲ್ಲಿ ಬರೆದಿದ್ದರು: 273445. ಹಿಂದಿನಿಂದ ಬಂದ ಆ ನೋಟಿಗೆ ಟಿಕೆಟ್ ಹರಿದ ಮೇಲೆ ಬೇರೆ ಯಾರಿಗೂ ಅವಳು ಹರಿದಿರಲಿಲ್ಲ. ಹಾಗಾದರೆ ಮೇಯರರ ಟಿಕೆಟ್ 273444. ಅವಳ ತುಟಿ ತಾನಾಗಿ ಲೆಕ್ಕ ಹಾಕಿತು. ಎರಡು, ಏಳು, ಮೂರು: ಹನ್ನೆರಡು. ನಾಲ್ಕು, ನಾಲ್ಕು, ನಾಲ್ಕು: ಹನ್ನೆರಡು.

ಮುದ್ದೆ ಕೈಯಿಂದ ತಟ್ಟೆಗೆ ಬಿತ್ತು. "ಥೂ, ದರಿದ್ರದವರಾ!" ಎಂದಳಂತೆ. "ತಿಂದ್ಬಿಟ್ಟಿದಾರೆ!"

ಸೋಮವಾರ ಬೆಳಿಗ್ಗೆ ಬಸ್ಸು ತುಂಬಿತ್ತು. ನಮ್ಮ ಜನ ವರ್ಷಗಟ್ಟಲೆ ತಮ್ಮ ತಮ್ಮ ಜಾಗದಲ್ಲೇ ನಿಲ್ಲುತ್ತಾರೆ, ಹೀಗಾಗಿ ಮಂಗಳವಾರದ ರಣರಂಗ ತಾನಾಗಿಯೇ ಸಿದ್ಧವಾಗಿತ್ತು: ಮುಂದೆ ಅಗ್ರಿಪಿನಾ, ಆಮೇಲೆ ತುದೋಸಿಯಾ, ಆಮೇಲೆ ಪೊರ್ಫಿರ್, ಆಮೇಲೆ ನಾನು, ಬಾಗಿಲ ಬಳಿ ಮೇಯರ್. ಅಗ್ರಿಪಿನಾ ಡ್ರೈವರನಿಗೆ ಕೂಗಿದಳು: "ಬಾಗಿಲು ಮುಚ್ಚು. ನಾನು ಹೇಳೋವರೆಗೂ ತೆಗೀಬೇಡ."

"ಕೆಲಸಕ್ಕೆ ಹೋಗ್ಬೇಕಲ್ಲಕ್ಕಾ!" ಎಂದರು ಯಾರೋ.

"ನನ್ನ ಕೆಲಸ ಹೋಗ್ತಿದೆ, ನೀನು ಹತ್ತು ನಿಮಿಷ ಸುಮ್ನಿರು." ಅವಳು ಬೆರಳು ಚಾಚಿದಳು. "ತುದೋಸಿಯಾ, ಮಂಗಳವಾರ ನಿನ್ನ ಕೈಗೆ ಏನು ಕೊಟ್ಟೆ?"

"ಟಿಕೆಟ್ಟು, ಚಿಲ್ಲರೆ. ಎರಡನ್ನೂ ಡಾಕ್ಟ್ರ ಕೈಗೆ ಇಟ್ಟೆ. ನನ್ನ ಗಿಣ್ಣಿನಾಣೆ!"

"ನಿನ್ನ ಕೈಗೆ ಏನು ಬಂತು?" ಈ ಪ್ರಶ್ನೆ ನನಗೆ.

"ಚಿಲ್ಲರೆ ಅಷ್ಟೇ," ಎಂದೆ. ಇದನ್ನು ವಾರದ ಕೆಳಗೇ ಹೇಳಬಹುದಿತ್ತು ಎಂದು ಅವಳ ಕಣ್ಣು ಹೇಳಿತು. ಯಾರೂ ಕೇಳಲಿಲ್ಲ ಎಂದು ನನ್ನ ಕಣ್ಣು ಹೇಳಿತು.

ಬಸ್ಸಿನ ತಲೆಗಳೆಲ್ಲ ಪೊರ್ಫಿರರ ಕಡೆ ತಿರುಗಿದವು. ಅವರು ಮೀಸೆ ನೇವರಿಸಿಕೊಂಡರು. "ನನಗೇನು ಗೊತ್ತು? ನನ್ನ ಹತ್ರ ಪಾಸಿದೆ. ಟಿಕೆಟ್ಟು ನನಗ್ಯಾಕೆ ಬೇಕು?"

"ಅದು ನಿಜ," ಎಂದಳು ಅಗ್ರಿಪಿನಾ, ಇಪ್ಪತ್ತೇಳು ವರ್ಷದಲ್ಲಿ ಯಾರೂ ಕೇಳಿರದಷ್ಟು ಮೆದುವಾಗಿ. "ಪಾಸು ಸಿಕ್ಕ ಮೇಲೆ ಪಾಪ ಸ್ವಂತದ್ದು ಅಂತ ಒಂದು ಟಿಕೆಟ್ಟೂ ಕೈಗೆ ಬಂದಿಲ್ಲ. ಎಷ್ಟು ವರ್ಷ ಆಯ್ತು, ಡಾಕ್ಟ್ರೇ? ಹೋಗ್ಲಿ ಬಿಡಿ. ಮಂಗಳವಾರ ಏನು ಬೇಡ್ಕೊಂಡ್ರಿ?"

"ಅದನ್ನ ಹೇಳ್ಬಾರ್ದು!" ಎಂದು ಪೊರ್ಫಿರ್ ಬೆಚ್ಚಿ ಕೂಗಿದರು. "ಹೇಳಿದ್ರೆ ಫಲಿಸಲ್ಲ!"

ಕೂಗಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

"ತಿಂದ್ರಾ?" ಎಂದಳು ತುದೋಸಿಯಾ. "ಬೇರೆಯವರ ಟಿಕೆಟ್ಟನ್ನ?"

"ಹನ್ನೆರಡು, ಹನ್ನೆರಡು ಕಣೇ!" ಪೊರ್ಫಿರರ ಧ್ವನಿ ಅಳುಮುಂಜಿಯಾಗಿತ್ತು. "ಒಂಬತ್ತು ವರ್ಷದಿಂದ ಒಂದೂ ಇಲ್ಲ! ಯಾವುದೋ ಕಾಲೇಜು ಹುಡುಗಿದು ಅಂದ್ಕೊಂಡೆ. ಚಿಲ್ಲರೆ ಒಂದು ಕಾಸು ಮುಟ್ಲಿಲ್ಲ ನೋಡು, ನಾನು ಕಳ್ಳ ಅಲ್ಲ!"

"ಬೇಡ್ಕೊಂಡಿದ್ದೇನು?" ಇಡೀ ಬಸ್ಸು ಕೇಳಿತು.

ಅವರು ಮೇಯರರನ್ನು ನೋಡಿದರು, ಕಾಲಡಿಯ ಬಕೆಟ್ ನೋಡಿದರು, ಕೊನೆಗೆ ಅಗ್ರಿಪಿನಾಳ ಚೀಲ ನೋಡಿದರು. "ಈ ಮೇಯರ್ ಕಳ್ಳ ಅಂತ ಊರಿಗೆಲ್ಲ ಗೊತ್ತಾಗ್ಲಿ ಅಂತ," ಎಂದರು. "ನಾಲ್ಕೇ ನಿಮಿಷಕ್ಕೆ ಫಲಿಸ್ತಲ್ಲ! ಆಮೇಲೆ ನಾನು ಬಾಯಿ ಹೇಗೆ ಬಿಡ್ಲಿ?"

ಅಷ್ಟು ದೊಡ್ಡ ನಗುವನ್ನು ತಡೆದುಕೊಳ್ಳುವ ಹಾಗೆ ಆ ಬಸ್ಸಿನ ಗಾಜುಗಳನ್ನು ಮಾಡಿಲ್ಲ. ಮೇಯರ್ ಕೂಡ ಕಂಬಿಗೆ ಹಣೆ ಒತ್ತಿ ನಕ್ಕರು. ನಗದವಳು ಅಗ್ರಿಪಿನಾ ಒಬ್ಬಳೇ. ಅವಳು ಚೀಲದಿಂದ ಕಾಗದ ತೆಗೆದು ಪೊರ್ಫಿರರ ಎದೆಗೆ ಒತ್ತಿದಳು, ತುದೋಸಿಯಾಳ ಬಕೆಟ್ಟಿನ ಮುಚ್ಚಳವೇ ಮೇಜಾಯಿತು. ಡಾಕ್ಟರು ಹಳೆಯ ವೃತ್ತಿಯ ಗತ್ತಿನಲ್ಲಿ ಬರೆದರು: ಮೇಲೆ ಹೇಳಿದ ಸಂಖ್ಯೆಯ ಟಿಕೆಟ್ಟನ್ನು ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಾನು ಬಾಯಿಯ ಮೂಲಕ ಸೇವಿಸಿದ್ದೇನೆ, ಜೀರ್ಣದಲ್ಲಿ ತೊಂದರೆಯಾಗಿಲ್ಲ.

ಡಿಪೋ ಮ್ಯಾನೇಜರ್ ಅದನ್ನು ಮೂರು ಸಲ ಓದಿ ವರದಿಯನ್ನು ರದ್ದು ಮಾಡಿದರು. ಚೀಲ ಅಗ್ರಿಪಿನಾಳ ಎದೆಯ ಮೇಲೇ ಉಳಿಯಿತು. ಕಟ್ಟಿದ ದಂಡವನ್ನು ಮರಳಿಸುತ್ತೇವೆ ಎಂದಾಗ, ಆ ಹೊತ್ತಿನಲ್ಲಿ ತಮ್ಮ ಕೈಯಲ್ಲಿ ಟಿಕೆಟ್ ಇರಲಿಲ್ಲವೆಂಬುದು ನಿಜ, ಇರಲಿ ಬಿಡಿ ಎಂದರು ಮೇಯರ್. ಅದು ಪ್ರಾಮಾಣಿಕತೆಯೋ ತೋರಿಕೆಯೋ ಎಂಬ ಬಗ್ಗೆ ಮರುದಿನದಿಂದಲೇ ಹೊಸ ಯುದ್ಧ ಆರಂಭವಾಯಿತು.

"ದಂಡ ಬಿಟ್ಟ ಅಂದ್ರೆ ದುಡ್ಡು ಎಲ್ಲಿಂದ ಬಂತು, ಯೋಚ್ನೆ ಮಾಡಿ," ಎಂದರು ಪೊರ್ಫಿರ್, ಸ್ವಲ್ಪ ತಗ್ಗಿದ ಧ್ವನಿಯಲ್ಲಿ. ಬೇಡಿಕೆ ಬಾಯಿಬಿಟ್ಟು ಹಾಳಾಗಿತ್ತಲ್ಲ. ಹೊಸದೊಂದು ಅದೃಷ್ಟದ ಟಿಕೆಟ್ ಅವರಿಗೆ ಬೇಕಾಗಿತ್ತು. ಜೇಬಿನಲ್ಲಿ ಪಾಸಿದ್ದೂ ಈಗ ದಿನಾ ಆರು ಲೆಯಿ ಮುಂದಕ್ಕೆ ಕಳಿಸುತ್ತಾರೆ. ಮೇಯರ್ ಏನು ಮಾಡಿದರೂ ಅವರಿಂದ ವಸೂಲಾಗದಿದ್ದ ಕಂದಾಯ ಹೀಗೆ ಪುರಸಭೆಗೆ ಕಂತಿನಲ್ಲಿ ಸಂದಾಯವಾಗುತ್ತಿದೆ.

ಅಗ್ರಿಪಿನಾ ಅವರ ಟಿಕೆಟ್ಟನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ. ಜನರನ್ನು ಒತ್ತರಿಸಿಕೊಂಡು, ಬಕೆಟ್ ದಾಟಿ, ತಾನೇ ಹೋಗುತ್ತಾಳೆ. ಅಂಕಿಗಳನ್ನು ತಾನೇ ಮೊದಲು ಕೂಡಿ ನೋಡುತ್ತಾಳೆ.

"ಇವತ್ತೂ ಇಲ್ಲ, ಡಾಕ್ಟ್ರೇ. ತಗೊಳ್ಳಿ. ಇಳಿಯೋವರೆಗೂ ಕೈಯಲ್ಲಿ ಇರ್ಬೇಕು, ಬಾಯಲ್ಲಲ್ಲ."